ಕೇಬಲ್ ಇಂಟರ್‌ನೆಟ್ ಅಪ್‌ಗ್ರೇಡ್ ಅಂದರೆ ಏನನ್ನು ಬದಲಿಸುತ್ತಾರೆ?

ಮೋಡೆಮ್ ಹಿಂದೆ ತಿರುಪಿ ಬಿಗಿದಿರುವ ಆ ಕಪ್ಪು ಕೇಬಲ್ಲನ್ನು ಒಮ್ಮೆ ಬಿಚ್ಚಿ ನೋಡಿ. ತುದಿಯಲ್ಲಿ ಸೂಜಿಯಂಥ ಒಂದು ತಂತಿ ಚಾಚಿಕೊಂಡಿರುತ್ತದೆ. ಅದರ ಸುತ್ತ ಬಿಳಿ ಫೋಮ್. ಫೋಮಿಗೆ ಸುತ್ತಿದ ಬೆಳ್ಳಿ ಬಣ್ಣದ ತೆಳು ಹಾಳೆ. ಅದರ ಮೇಲೆ ಕೂದಲಿನಷ್ಟು ಸಣ್ಣ ಎಳೆಗಳ ಜಾಲರಿ. ಎಲ್ಲಕ್ಕೂ ಮೇಲೆ ಪ್ಲಾಸ್ಟಿಕ್ ಹೊದಿಕೆ. ನಡುವಿನ ತಂತಿ ನೋಡಲು ತಾಮ್ರದ ಬಣ್ಣ. ಆದರೆ ಹೆಚ್ಚಿನ ಕೇಬಲ್‌ಗಳಲ್ಲಿ ಒಳಗಿರುವುದು ಉಕ್ಕು, ತಾಮ್ರ ಮೇಲಿನ ಲೇಪ ಮಾತ್ರ. ಅಷ್ಟೇ ಸಾಕು. ಏಕೆಂದರೆ ಇಷ್ಟು ವೇಗವಾಗಿ ಏರಿಳಿಯುವ ವಿದ್ಯುತ್ತು ತಂತಿಯ ಹೊಟ್ಟೆಯೊಳಗೆ ಹರಿಯುವುದೇ ಇಲ್ಲ, ಚರ್ಮದ ಮೇಲಷ್ಟೇ ಹರಿಯುತ್ತದೆ.

ಕೋಆಕ್ಸಿಯಲ್ ಕೇಬಲ್ ಎಂದರೆ ಇದೇ. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಇದಕ್ಕೆ ಪೇಟೆಂಟ್ ಪಡೆದದ್ದು 1880ರಲ್ಲಿ. ಟಿವಿ ಇನ್ನೂ ಹುಟ್ಟಿರಲಿಲ್ಲ. 1940ರ ದಶಕದ ಕೊನೆಗೆ ಅಮೆರಿಕದ ಪೆನ್ಸಿಲ್ವೇನಿಯಾ, ಆರೆಗನ್ ರಾಜ್ಯಗಳ ಗುಡ್ಡಗಾಡು ಊರುಗಳಲ್ಲಿ ಟಿವಿ ಸಿಗ್ನಲ್ ಸಿಗದೆ ಜನ ಪರದಾಡುತ್ತಿದ್ದರು. ಆಗ ಗುಡ್ಡದ ಮೇಲೆ ಒಂದು ದೊಡ್ಡ ಆಂಟೆನಾ ನಿಲ್ಲಿಸಿ, ಅಲ್ಲಿಂದ ಮನೆಮನೆಗೆ ಕೇಬಲ್ ಎಳೆದರು. ಕೇಬಲ್ ಟಿವಿ ಶುರುವಾದದ್ದು ಹೀಗೆ. ಸಿಗ್ನಲ್ ಮೇಲಿಂದ ಕೆಳಗೆ ಬಂದರೆ ಸಾಕಿತ್ತು. ಮನೆಯಿಂದ ವಾಪಸ್ ಹೋಗುವಂಥದ್ದು ಏನೂ ಇರಲಿಲ್ಲ.

ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಕೇಬಲ್ ಇಂಟರ್‌ನೆಟ್ಟಿನ ಇವತ್ತಿನ ಅರ್ಧಕ್ಕರ್ಧ ತೊಂದರೆಗಳಿಗೆ ಮೂಲ ಅಲ್ಲೇ ಇದೆ.

ಇವತ್ತು ಅದೇ ಜಾತಿಯ ಕೇಬಲ್‌ನಲ್ಲಿ ಸೆಕೆಂಡಿಗೆ ಒಂದು ಗಿಗಾಬಿಟ್, ಅದಕ್ಕಿಂತ ಜಾಸ್ತಿಯೂ ಬರುತ್ತಿದೆ. "ನಿಮ್ಮ ಏರಿಯಾದಲ್ಲಿ ನೆಟ್‌ವರ್ಕ್ ಅಪ್‌ಗ್ರೇಡ್ ಆಗುತ್ತಿದೆ" ಎಂದು ಮೆಸೇಜ್ ಬರುತ್ತದೆ, ಎರಡು ಮೂರು ಗಂಟೆ ನೆಟ್ ಹೋಗುತ್ತದೆ, ಮತ್ತೆ ಬರುತ್ತದೆ. ನೋಡಿದರೆ ಮನೆಗೆ ಬರುವ ಕೇಬಲ್ ಅದೇ ಹಳೆಯದು. ಹಾಗಾದರೆ ಅವರು ಬದಲಿಸಿದ್ದೇನು?

ಚಿಕ್ಕ ಉತ್ತರ: ತಂತಿಯನ್ನಲ್ಲ, ತಂತಿಯೊಳಗಿನ ಜಾಗದ ಹಂಚಿಕೆಯನ್ನು. ಅದರ ಜೊತೆಗೆ, ಆ ಹಂಚಿಕೆಗೆ ಅಡ್ಡ ಬರುವ ಪೆಟ್ಟಿಗೆಗಳನ್ನು. ಉದ್ದ ಉತ್ತರ ಮುಂದಿದೆ.

ತಂತಿಯೊಳಗಿನ ಜಾಗ

ಕೇಬಲ್ ಎಂದರೆ ಗೋಡೆ ಕಟ್ಟಿದ ರೇಡಿಯೋ ಆಕಾಶ ಅಂದುಕೊಳ್ಳಿ. ಹೊರಗೆ ಗಾಳಿಯಲ್ಲಿ ಬೇರೆ ಬೇರೆ ರೇಡಿಯೋ ಸ್ಟೇಷನ್‌ಗಳು ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ ಒಂದಕ್ಕೊಂದು ತಾಗದೆ ಇರುತ್ತವಲ್ಲ, ಕೇಬಲ್ ಒಳಗೂ ಹಾಗೇ. ಒಂದೊಂದು ಟಿವಿ ಚಾನೆಲ್ಲಿಗೆ ಒಂದೊಂದು ಪಟ್ಟಿ. ಅಮೆರಿಕದಲ್ಲಿ ಒಂದು ಪಟ್ಟಿಯ ಅಗಲ 6 ಮೆಗಾಹರ್ಟ್ಜ್, ಯುರೋಪಿನಲ್ಲಿ 8. ಇಂಟರ್‌ನೆಟ್ ಬಂದಾಗ ಎಂಜಿನಿಯರುಗಳು ಮಾಡಿದ ಕೆಲಸ ಇಷ್ಟೇ: ಟಿವಿ ಚಾನೆಲ್ ಇಲ್ಲದ ಒಂದು ಖಾಲಿ ಪಟ್ಟಿಯನ್ನು ತೆಗೆದುಕೊಂಡು, ಅದರಲ್ಲಿ ಚಿತ್ರದ ಬದಲು ಡೇಟಾ ಕಳಿಸಿದರು.

ಇದಕ್ಕೆ ಎಲ್ಲರೂ ಒಪ್ಪುವ ಒಂದು ನಿಯಮಾವಳಿ ಬೇಕಿತ್ತು. ಇಲ್ಲದಿದ್ದರೆ ಒಬ್ಬರ ಮೋಡೆಮ್ ಇನ್ನೊಬ್ಬರ ನೆಟ್‌ವರ್ಕಿನಲ್ಲಿ ಕೆಲಸ ಮಾಡುವುದಿಲ್ಲ. ಕೇಬಲ್ ಕಂಪನಿಗಳು ಸೇರಿ ಕಟ್ಟಿದ ಕೇಬಲ್‌ಲ್ಯಾಬ್ಸ್ ಎಂಬ ಸಂಸ್ಥೆ 1997ರಲ್ಲಿ ಅದನ್ನು ಹೊರತಂದಿತು. ಹೆಸರು ಡಾಕ್ಸಿಸ್. ನಿಮ್ಮ ಮೋಡೆಮ್ ಅಡಿಯ ಲೇಬಲ್ ಮೇಲೆ 3.0 ಅಂತಲೋ 3.1 ಅಂತಲೋ ಬರೆದಿರುವುದು ಇದರದ್ದೇ ಆವೃತ್ತಿ.

6 ಮೆಗಾಹರ್ಟ್ಜ್‌ನ ಒಂದು ಪಟ್ಟಿಯಲ್ಲಿ ಬಳಕೆಗೆ ಸಿಗುವುದು ಸುಮಾರು 38 ಎಂಬಿಪಿಎಸ್. ಆರಂಭದಲ್ಲಿ ಒಂದು ಇಡೀ ಬಡಾವಣೆಗೆ ಇದೊಂದೇ ಪಟ್ಟಿ. ಈ ಅಂಕಿಯನ್ನು ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭ. 2006ರಲ್ಲಿ ಬಂದ ಡಾಕ್ಸಿಸ್ 3.0 ಮಾಡಿದ ದೊಡ್ಡ ಕೆಲಸವೆಂದರೆ ಹಲವು ಪಟ್ಟಿಗಳನ್ನು ಒಂದು ಕಂತೆಯಾಗಿ ಕಟ್ಟಿದ್ದು. ಎಂಟು ಪಟ್ಟಿ ಕಟ್ಟಿದರೆ 300 ಎಂಬಿಪಿಎಸ್. ಮೂವತ್ತೆರಡು ಕಟ್ಟಿದರೆ 1,200. ಮೋಡೆಮ್ ಪೆಟ್ಟಿಗೆಯ ಮೇಲೆ 8x4, 32x8 ಎಂದು ಅಚ್ಚಾಗಿರುತ್ತದಲ್ಲ, ಅದರ ಅರ್ಥ ಇದೇ. ಮೊದಲ ಸಂಖ್ಯೆ ಕೆಳಗೆ ಬರುವ (ಡೌನ್‌ಲೋಡ್) ಪಟ್ಟಿಗಳದ್ದು, ಎರಡನೆಯದು ಮೇಲೆ ಹೋಗುವ (ಅಪ್‌ಲೋಡ್) ಪಟ್ಟಿಗಳದ್ದು.

ಇಷ್ಟು ಪಟ್ಟಿ ಎಲ್ಲಿಂದ ತಂದರು? ಹಳೆಯ ಅನಲಾಗ್ ಟಿವಿ ಚಾನೆಲ್‌ಗಳನ್ನು ಮುಚ್ಚಿದರು. ಒಂದು ಅನಲಾಗ್ ಚಾನೆಲ್ ಒಂದು ಇಡೀ ಪಟ್ಟಿಯನ್ನು ತಿನ್ನುತ್ತಿತ್ತು. ಡಿಜಿಟಲ್ ಆದ ಮೇಲೆ ಅದೇ ಪಟ್ಟಿಯಲ್ಲಿ ಹತ್ತರಷ್ಟು ಸಾಮಾನ್ಯ ಚಾನೆಲ್‌ಗಳು ಹಿಡಿಸಿದವು. ಹಾಗೆ ಉಳಿದ ಜಾಗ ಇಂಟರ್‌ನೆಟ್ಟಿಗೆ ಬಂತು. ಕೇಬಲ್ ಕಂಪನಿಗಳಿಗೆ ಇಷ್ಟು ಸಲೀಸಾಗಿ ಸಿಕ್ಕ ಜಾಗ ಆಮೇಲೆ ಮತ್ತೆ ಸಿಕ್ಕಿಲ್ಲ.

ಚುಕ್ಕಿಗಳ ಲೆಕ್ಕ

ಜಾಗ ಹೆಚ್ಚಿಸುವುದು ಒಂದು ದಾರಿ. ಇರುವ ಜಾಗದಲ್ಲೇ ಜಾಸ್ತಿ ತುಂಬುವುದು ಇನ್ನೊಂದು ದಾರಿ. ಎರಡಕ್ಕೂ ಮಿತಿ ಎಷ್ಟು ಎಂದು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಒಂದು ದಾರಿಯಲ್ಲಿ ಎಷ್ಟು ಮಾಹಿತಿ ಹೋಗಬಲ್ಲದು ಎಂಬುದು ಎರಡೇ ವಿಷಯದ ಮೇಲೆ ನಿಂತಿದೆ: ಪಟ್ಟಿಯ ಅಗಲ, ಮತ್ತು ಗದ್ದಲದ ಎದುರು ಸಿಗ್ನಲ್ ಎಷ್ಟು ಗಟ್ಟಿ ಎಂಬುದು. ಅಗಲ ದುಪ್ಪಟ್ಟಾದರೆ ವೇಗವೂ ದುಪ್ಪಟ್ಟು. ಸಿಗ್ನಲ್ ಗಟ್ಟಿ ಮಾಡಿದರೆ ಮಾತ್ರ ಲಾಭ ನಿಧಾನ. ಎಷ್ಟು ಒದ್ದಾಡಿದರೂ ಸ್ವಲ್ಪ ಸ್ವಲ್ಪವೇ ಏರುತ್ತದೆ.

ಅದು ಹೇಗೆಂದು ಹತ್ತಿರದಿಂದ ನೋಡೋಣ. ಒಂದು ಚೌಕದ ಹಾಳೆ ತೆಗೆದುಕೊಳ್ಳಿ. ಅದರಲ್ಲಿ ಸಾಲಿಗೆ 16ರಂತೆ 16 ಸಾಲು ಚುಕ್ಕಿ ಇಡಿ. ಒಟ್ಟು 256. ಪ್ರತಿ ಚುಕ್ಕಿಗೂ ಒಂದು ಹೆಸರು, ಎಂಟು ಸೊನ್ನೆ-ಒಂದುಗಳ ಹೆಸರು. ಕಳಿಸುವವನು ತರಂಗದ ಎತ್ತರವನ್ನೂ ಅದು ಶುರುವಾಗುವ ಗಳಿಗೆಯನ್ನೂ ಚೂರು ಚೂರು ಬದಲಿಸಿ "ಈಗ ಈ ಚುಕ್ಕಿ" ಎಂದು ತೋರಿಸುತ್ತಾನೆ. ಪಡೆಯುವವನು ಆ ಚುಕ್ಕಿ ಯಾವುದೆಂದು ನೋಡಿ ಎಂಟು ಬಿಟ್ ಬರೆದುಕೊಳ್ಳುತ್ತಾನೆ. ಒಂದು ಪಟ್ಟಿಯಲ್ಲಿ ಹೀಗೆ ಸೆಕೆಂಡಿಗೆ 50 ಲಕ್ಷಕ್ಕೂ ಜಾಸ್ತಿ ಬಾರಿ ನಡೆಯುತ್ತದೆ. ಇದಕ್ಕೆ 256-ಕ್ವಾಮ್ ಎನ್ನುತ್ತಾರೆ.

ಈಗ ಅದೇ ಹಾಳೆಯಲ್ಲಿ 64 ಸಾಲು, ಸಾಲಿಗೆ 64 ಚುಕ್ಕಿ ಇಟ್ಟರೆ? ಒಟ್ಟು 4,096. ಒಂದೊಂದು ಚುಕ್ಕಿಗೂ ಹನ್ನೆರಡು ಬಿಟ್. ಎಂಟರಿಂದ ಹನ್ನೆರಡಕ್ಕೆ, ಅಂದರೆ ಒಂದೂವರೆ ಪಟ್ಟು ಲಾಭ. ಕೇಳಲು ಚೆನ್ನಾಗಿದೆ. ಆದರೆ ಚುಕ್ಕಿಗಳು ಈಗ ಒತ್ತೊತ್ತಾಗಿವೆ. ದಾರಿಯಲ್ಲಿ ಗದ್ದಲ ಸೇರಿ ಸಿಗ್ನಲ್ ಒಂದು ಕೂದಲೆಳೆ ಆಚೀಚೆ ಬಿದ್ದರೂ ಪಕ್ಕದ ಚುಕ್ಕಿ ಎಂದು ಓದಿಬಿಡುತ್ತದೆ. ಎರಡು ಬಿಟ್ ಹೆಚ್ಚಿಸಬೇಕೆಂದರೆ ಸಿಗ್ನಲ್ ಸುಮಾರು ನಾಲ್ಕು ಪಟ್ಟು ಶುದ್ಧವಾಗಿರಬೇಕು. ನಾಲ್ಕು ಬಿಟ್ ಎಂದರೆ ಹದಿನಾರು ಪಟ್ಟು. ಒಂದೂವರೆ ಪಟ್ಟು ಲಾಭಕ್ಕೆ ಹದಿನಾರು ಪಟ್ಟು ಶುದ್ಧಿ! ಶಾನನ್ ಹೇಳಿದ "ನಿಧಾನ" ಎಂದರೆ ಇದು.

2013ರಲ್ಲಿ ಬಂದ ಡಾಕ್ಸಿಸ್ 3.1 ಈ ಕಷ್ಟವನ್ನು ಎರಡು ಕಡೆಯಿಂದ ಎದುರಿಸಿತು. ತಪ್ಪು ತಿದ್ದುವ ಹೊಸ ವಿಧಾನ ತಂದಿತು, ಅದರಿಂದ ಅಷ್ಟೇನೂ ಶುದ್ಧವಲ್ಲದ ಸಿಗ್ನಲ್ಲನ್ನೂ ಸರಿಯಾಗಿ ಓದಲು ಸಾಧ್ಯವಾಯಿತು. ಇನ್ನೊಂದು, 6 ಮೆಗಾಹರ್ಟ್ಜ್ ಪಟ್ಟಿಗಳ ಕಂತೆಯನ್ನು ಬಿಟ್ಟು 192 ಮೆಗಾಹರ್ಟ್ಜ್‌ವರೆಗಿನ ಅಗಲ ಪಟ್ಟಿ ಹಾಕಿತು. ಆ ಅಗಲ ಪಟ್ಟಿಯೊಳಗೆ 25 ಅಥವಾ 50 ಕಿಲೋಹರ್ಟ್ಜ್ ಅಂತರದ ಸಾವಿರಾರು ಎಳೆಗಳು. ಎಲ್ಲೋ ಒಂದು ಕಡೆ ಮೊಬೈಲ್ ಟವರಿನ ಸಿಗ್ನಲ್ ಕೇಬಲ್ಲಿಗೆ ನುಗ್ಗುತ್ತಿದೆ ಎಂದರೆ ಅಲ್ಲಿನ ಎಳೆಗಳನ್ನಷ್ಟೇ ಸುಮ್ಮನಾಗಿಸಬಹುದು, ಉಳಿದವು ಕೆಲಸ ಮಾಡುತ್ತಲೇ ಇರುತ್ತವೆ. ಮೊದಲಾದರೆ ಒಂದು ಇಡೀ ಪಟ್ಟಿ ಹಾಳಾಗುತ್ತಿತ್ತು. ನನ್ನ ಮಟ್ಟಿಗೆ ಕೇಬಲ್ ಇಂಟರ್‌ನೆಟ್ಟಿನ ಇತಿಹಾಸದಲ್ಲೇ ಇದು ಎಲ್ಲಕ್ಕಿಂತ ಜಾಣ ಹೆಜ್ಜೆ.

ಒಂದು ಮಾತು. 3.0 ಮೋಡೆಮ್‌ಗೆ ಈ ಅಗಲ ಪಟ್ಟಿ ಕಾಣುವುದೇ ಇಲ್ಲ. ಬೀದಿಯಲ್ಲೆಲ್ಲ ಅಪ್‌ಗ್ರೇಡ್ ಮುಗಿದರೂ ಮನೆಯಲ್ಲಿ ಹಳೆಯ ಮೋಡೆಮ್ ಇದ್ದರೆ ಏನೂ ಬದಲಾದಂತೆ ಅನಿಸದಿರುವುದು ಇದಕ್ಕೇ.

ದಾರಿಯಲ್ಲಿ ಏನೇನಿದೆ

ಕಂಪನಿಯ ಕೇಂದ್ರಕ್ಕೆ ಹೆಡ್‌ಎಂಡ್ ಎನ್ನುತ್ತಾರೆ. ಅಲ್ಲಿಂದ ನಿಮ್ಮ ಬಡಾವಣೆಯವರೆಗೆ ಬರುವುದು ಕೋಆಕ್ಸಿಯಲ್ ಅಲ್ಲ, ಫೈಬರ್, ಅಂದರೆ ಬೆಳಕಿನಲ್ಲಿ ಡೇಟಾ ಒಯ್ಯುವ ಗಾಜಿನ ಎಳೆ. ಬಡಾವಣೆಯಲ್ಲಿ ಕಂಬದ ಮೇಲೋ ರಸ್ತೆ ಬದಿಯಲ್ಲೋ ಒಂದು ಪೆಟ್ಟಿಗೆ ಇರುತ್ತದೆ. ಅದೇ ನೋಡ್. ಅಲ್ಲಿ ಬೆಳಕು ರೇಡಿಯೋ ಸಿಗ್ನಲ್ ಆಗುತ್ತದೆ. ಅಲ್ಲಿಂದ ಮುಂದೆ ದಪ್ಪ ಕೋಆಕ್ಸಿಯಲ್ ಕೇಬಲ್ ಬೀದಿ ಬೀದಿ ಹರಡುತ್ತದೆ. ನಡುನಡುವೆ ಸೊರಗಿದ ಸಿಗ್ನಲ್ಲಿಗೆ ಬಲ ತುಂಬುವ ಆಂಪ್ಲಿಫೈಯರ್‌ಗಳು. ಅವಕ್ಕೆ ಬೇಕಾದ ಕರೆಂಟ್ ಕೂಡ ಅದೇ ಕೇಬಲ್‌ನಲ್ಲೇ ಬರುತ್ತದೆ, 60ರಿಂದ 90 ವೋಲ್ಟ್. ಮನೆಗಳ ಹತ್ತಿರ ಟ್ಯಾಪ್‌ಗಳು, ಅಂದರೆ ಸಿಗ್ನಲ್ಲಿನ ಒಂದು ಪಾಲನ್ನು ಮನೆಗಳ ಕಡೆಗೆ ಕವಲೊಡೆಸುವ ಚಿಕ್ಕ ಪೆಟ್ಟಿಗೆಗಳು. ಟ್ಯಾಪ್‌ನಿಂದ ಮನೆಗೆ ಸಣ್ಣ ಕೇಬಲ್. ಒಂದು ಮರವನ್ನು ಮಲಗಿಸಿದ ಹಾಗೆ: ಕಾಂಡ, ಕೊಂಬೆ, ರೆಂಬೆ, ಎಲೆ.

ಒಂದು ನೋಡ್‌ಗೆ ಸೇರಿದ ಮನೆಗಳೆಲ್ಲ ಒಂದೇ ಜಾಗವನ್ನು ಹಂಚಿಕೊಳ್ಳುತ್ತವೆ. 1,200 ಎಂಬಿಪಿಎಸ್ ಎಂದೆನಲ್ಲ, ಅದು ಒಂದು ಮನೆಗಲ್ಲ, ಎಲ್ಲರಿಗೂ ಸೇರಿ. ಒಂದು ನೋಡ್‌ಗೆ 400 ಮನೆ ಇದ್ದು, ಸಂಜೆ ಹೊತ್ತಿಗೆ ಎಲ್ಲರೂ ಒಟ್ಟಿಗೆ ಏನಾದರೂ ನೋಡತೊಡಗಿದರೆ ಒಬ್ಬೊಬ್ಬರ ಪಾಲಿಗೆ 3 ಎಂಬಿಪಿಎಸ್. ನಿಜಜೀವನದಲ್ಲಿ ಹಾಗಾಗುವುದಿಲ್ಲ, ಎಲ್ಲರೂ ಒಂದೇ ಕ್ಷಣದಲ್ಲಿ ಎಳೆಯುವುದಿಲ್ಲ. ಆದರೆ ಸಂಜೆ ನೆಟ್ ನಿಧಾನ ಆಗುವುದು ಸುಳ್ಳಲ್ಲ.

ಇದಕ್ಕೆ ಮದ್ದು ನೋಡ್ ಒಡೆಯುವುದು. ಫೈಬರನ್ನು ಇನ್ನೂ ಒಳಗೆ ತಂದು, ಒಂದು ನೋಡ್ ಇದ್ದಲ್ಲಿ ನಾಲ್ಕು ಮಾಡುತ್ತಾರೆ. 400 ಮನೆ ಹಂಚಿಕೊಳ್ಳುತ್ತಿದ್ದ ಜಾಗ ಈಗ 100 ಮನೆಗೆ. ಪ್ಲಾನ್‌ನ ವೇಗ ಕಾಗದದಲ್ಲಿ ಅಷ್ಟೇ ಇರುತ್ತದೆ, ಆದರೆ ಸಂಜೆಯೂ ಅದೇ ವೇಗ ಸಿಗುತ್ತದೆ. ಜಾಹೀರಾತಿನಲ್ಲಿ ಹೇಳಿಕೊಳ್ಳಲು ಇದರಲ್ಲಿ ಏನೂ ಇಲ್ಲ. ಆದರೂ ಜನರಿಗೆ ದಿನನಿತ್ಯ ಅನುಭವಕ್ಕೆ ಬರುವ ಸುಧಾರಣೆ ಹೆಚ್ಚಾಗಿ ಇದೇ.

ಅಪ್‌ಲೋಡ್ ಎಂಬ ಇಕ್ಕಟ್ಟು

ಈಗ ನಿಜವಾದ ಕಗ್ಗಂಟಿಗೆ ಬರೋಣ. ಕೇಬಲ್ ಹುಟ್ಟಿದ್ದು ಒಮ್ಮುಖವಾಗಿ ಎಂದೆನಲ್ಲ. ಆಮೇಲೆ ವಾಪಸ್ ದಾರಿ ಬೇಕಾದಾಗ ಟಿವಿ ಚಾನೆಲ್‌ಗಳಿಗಿಂತ ಕೆಳಗೆ ಉಳಿದಿದ್ದ ಒಂದು ಮೂಲೆಯನ್ನು ಕೊಟ್ಟರು. ಅಮೆರಿಕದಲ್ಲಿ 5ರಿಂದ 42 ಮೆಗಾಹರ್ಟ್ಜ್, ಯುರೋಪಿನಲ್ಲಿ 65ರವರೆಗೆ. ಕೆಳಗೆ ಬರುವ ದಾರಿಗೆ ಅಮೆರಿಕದಲ್ಲಿ 54ರಿಂದ 1,002 ಮೆಗಾಹರ್ಟ್ಜ್‌ವರೆಗೆ. ಲೆಕ್ಕ ಹಾಕಿ ನೋಡಿ: ಕೆಳಗೆ ಬರಲು 948, ಮೇಲೆ ಹೋಗಲು 37. ಅಂಗಳದಲ್ಲಿ ಒಂದು ಮೂಲೆ.

ಆ ಮೂಲೆಯೂ ಶುದ್ಧವಾಗಿಲ್ಲ. ಶಾರ್ಟ್‌ವೇವ್ ರೇಡಿಯೋ, ಮೋಟಾರುಗಳ ಕಿಡಿ, ಕೆಟ್ಟ ಚಾರ್ಜರುಗಳ ಗುಂಯ್‌ಗುಡುವಿಕೆ, ಎಲ್ಲವೂ ಈ ಕೆಳಗಿನ ಫ್ರೀಕ್ವೆನ್ಸಿಗಳಲ್ಲೇ ಜಾಸ್ತಿ. ಹಾಗಾಗಿ ತಳದ ಭಾಗವನ್ನು ಬಿಟ್ಟು ಉಳಿದಲ್ಲಿ 6.4 ಮೆಗಾಹರ್ಟ್ಜ್‌ನ ನಾಲ್ಕು ಪಟ್ಟಿ ಹಾಕಿದರೆ ಆಯಿತು. ಒಂದೊಂದರಲ್ಲಿ 27 ಎಂಬಿಪಿಎಸ್‌ನಷ್ಟು. ಒಟ್ಟು ಸುಮಾರು 100. ಇಡೀ ನೋಡ್‌ಗೆ, ಎಲ್ಲ ಮನೆಗಳಿಗೂ ಸೇರಿ! 2020ರಲ್ಲಿ ಕೆಲಸ, ಪಾಠ ಎಲ್ಲವೂ ಮನೆಯಿಂದಲೇ ನಡೆಯತೊಡಗಿದಾಗ ಮೊದಲು ನಲುಗಿದ್ದು ಈ ಮೂಲೆಯೇ. ವಿಡಿಯೋ ಕಾಲ್‌ನಲ್ಲಿ ನಮಗೆ ಎಲ್ಲರೂ ಸರಿಯಾಗಿ ಕಾಣುತ್ತಾರೆ, ಅವರಿಗೆ ಮಾತ್ರ ನಮ್ಮ ಮುಖ ಕಲ್ಲಾಗಿ ನಿಂತಿರುತ್ತದೆ. ಅದು ಅಪ್‌ಲೋಡ್ ಸಾಯುತ್ತಿರುವ ಲಕ್ಷಣ.

ಇದಕ್ಕಿಂತ ಕೆಟ್ಟ ಇನ್ನೊಂದು ಸಂಗತಿ ಇದೆ. ಕೆಳಗೆ ಬರುವ ಸಿಗ್ನಲ್ ಒಂದು ಕಡೆಯಿಂದ ಹಲವು ಕಡೆಗೆ ಹಂಚಿಹೋಗುತ್ತದೆ. ಒಂದು ಮನೆಯ ವೈರಿಂಗ್ ಹಾಳಾದರೆ ತೊಂದರೆ ಹೆಚ್ಚಾಗಿ ಆ ಮನೆಗಷ್ಟೇ. ಮೇಲೆ ಹೋಗುವಾಗ ತಿರುವುಮುರುವು. ಹಳ್ಳ ತೊರೆಗಳು ಸೇರಿ ಹೊಳೆಯಾಗುವಂತೆ, ಎಲ್ಲ ಮನೆಗಳ ಸಿಗ್ನಲ್ ಒಂದಕ್ಕೊಂದು ಸೇರುತ್ತ ನೋಡ್ ತಲುಪುತ್ತದೆ. ಜೊತೆಗೆ ಎಲ್ಲ ಮನೆಗಳ ಗದ್ದಲವೂ ಸೇರಿಕೊಳ್ಳುತ್ತದೆ. ಒಂದು ತೊರೆಯ ಕೆಸರು ಸಾಕು, ಇಡೀ ಹೊಳೆ ಕದಡಲು.

ಇದು ನನಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ. ಒಮ್ಮೆ ಎರಡು ತಿಂಗಳ ಕಾಲ ದಿನಾ ಸಂಜೆ ನನ್ನ ಅಪ್‌ಲೋಡ್ ಬಿದ್ದುಹೋಗುತ್ತಿತ್ತು. ಡೌನ್‌ಲೋಡ್ ಚೆನ್ನಾಗಿಯೇ ಇತ್ತು. ಕಂಪನಿಯವರು ಎರಡು ಸಲ ಮೋಡೆಮ್ ಬದಲಿಸಿಕೊಟ್ಟರು. ಏನೂ ಉಪಯೋಗ ಆಗಲಿಲ್ಲ. ಕೊನೆಗೆ ಒಬ್ಬ ಟೆಕ್ನಿಷಿಯನ್ ಸಂಜೆ ಹೊತ್ತಿಗೇ ಬಂದರು. ನಮ್ಮ ಮನೆಯೊಳಗೆ ಕಾಲೇ ಇಡಲಿಲ್ಲ. ಮೀಟರ್ ಹಿಡಿದು ಒಂದೊಂದೇ ಟ್ಯಾಪ್ ಹತ್ತಿರ ಹೋಗಿ, ಒಂದೊಂದೇ ಮನೆಯ ಕೇಬಲ್ಲನ್ನು ಕ್ಷಣಕಾಲ ತೆಗೆದು ನೋಡುತ್ತ ಹೋದರು. ನಾಲ್ಕನೇ ಟ್ಯಾಪ್‌ನಲ್ಲಿ ಒಂದು ಕೇಬಲ್ ತೆಗೆದೊಡನೆ ಮೀಟರ್ ಮೇಲಿನ ಗದ್ದಲ ಧಪ್ ಎಂದು ಕುಸಿಯಿತು. ಆ ಮನೆಯಲ್ಲಿ ಯಾವತ್ತೋ ಟಿವಿ ತೆಗೆದಿದ್ದರು, ಕೇಬಲ್ಲಿನ ತುದಿ ಗೋಡೆ ಪಕ್ಕ ಹಾಗೇ ಬಾಯಿ ತೆರೆದು ನೇತಾಡುತ್ತಿತ್ತು. ಅದು ಆಂಟೆನಾದಂತೆ ಸುತ್ತಲಿನ ಗದ್ದಲವನ್ನೆಲ್ಲ ಎಳೆದು ಬೀದಿಗೆ ಸುರಿಯುತ್ತಿತ್ತು. ಆ ಮನೆಯವರಿಗೆ ಇದರ ಸುಳಿವೂ ಇರಲಿಲ್ಲ.

ಹಾಗಾದರೆ ಅಪ್‌ಲೋಡ್ ಮೂಲೆಯನ್ನು ದೊಡ್ಡದು ಮಾಡಿದರೆ ಆಗಲ್ವಾ? ಆಗುತ್ತದೆ. ಗಡಿಯನ್ನು 42ರಿಂದ 85 ಮೆಗಾಹರ್ಟ್ಜ್‌ಗೆ ಸರಿಸಿದರೆ ಅದಕ್ಕೆ ಮಿಡ್ ಸ್ಪ್ಲಿಟ್ ಎನ್ನುತ್ತಾರೆ. 204ಕ್ಕೆ ಸರಿಸಿದರೆ ಹೈ ಸ್ಪ್ಲಿಟ್. ಹೈ ಸ್ಪ್ಲಿಟ್ ಮಾಡಿದ ನೋಡ್‌ನಲ್ಲಿ ಅಪ್‌ಲೋಡ್ ಒಟ್ಟು ಸಾಮರ್ಥ್ಯ ಒಂದು ಗಿಗಾಬಿಟ್ ದಾಟುತ್ತದೆ. ಮೊದಲು ಇದ್ದದ್ದರ ಹತ್ತರಷ್ಟಕ್ಕೂ ಜಾಸ್ತಿ.

ಮಾಡುವುದು ಮಾತ್ರ ಹೇಳಿದಷ್ಟು ಸುಲಭ ಅಲ್ಲ. ಈ ಗಡಿ ಯಾವುದೋ ಕಂಪ್ಯೂಟರಿನ ಸೆಟ್ಟಿಂಗ್ ಅಲ್ಲ. ಅದು ಪ್ರತಿಯೊಂದು ಆಂಪ್ಲಿಫೈಯರ್ ಒಳಗೆ ಕೂತಿರುವ ಒಂದು ಫಿಲ್ಟರ್. ಕಡಿಮೆ ಫ್ರೀಕ್ವೆನ್ಸಿ ಬಂದರೆ ಕಂಪನಿಯ ಕಡೆಗೆ ಕಳಿಸು, ಹೆಚ್ಚಿನದು ಬಂದರೆ ಮನೆಗಳ ಕಡೆಗೆ ಕಳಿಸು ಎಂದು ಬೇರೆ ಮಾಡುವ ಬಿಡಿಭಾಗ. ಒಂದೇ ಒಂದು ಆಂಪ್ಲಿಫೈಯರ್‌ನಲ್ಲಿ ಹಳೆಯ ಫಿಲ್ಟರ್ ಉಳಿದರೂ ಹೊಸ ಅಪ್‌ಲೋಡ್ ಸಿಗ್ನಲ್ ಅಲ್ಲಿಗೆ ನಿಂತಿತು. ಹಾಗಾಗಿ ಬೀದಿಯ ಪ್ರತಿ ಪೆಟ್ಟಿಗೆಯನ್ನೂ ತೆರೆಯಲೇಬೇಕು. ಸಾಮಾನ್ಯವಾಗಿ ಹೊರಗಿನ ಲೋಹದ ಪೆಟ್ಟಿಗೆ ಹಾಗೇ ಇರುತ್ತದೆ, ಒಳಗಿನ ಮಾಡ್ಯೂಲ್ ತೆಗೆದು ಹೊಸದು ಕೂರಿಸಿ, ಸಿಗ್ನಲ್ ಮಟ್ಟ ಸರಿಹೊಂದಿಸಿ, ಮುಚ್ಚಳ ಬಿಗಿದು ಮುಂದಿನ ಕಂಬಕ್ಕೆ ಹೋಗುತ್ತಾರೆ. ನಿಮ್ಮ ನೆಟ್ ಎರಡು ಮೂರು ಗಂಟೆ ಹೋಗುವುದು ಆ ಹೊತ್ತಿನಲ್ಲಿ.

ಗಡಿ ಸರಿಸಿದರೆ ಅಲ್ಲಿ ಮೊದಲು ಇದ್ದವರನ್ನು ಎಬ್ಬಿಸಬೇಕಾಗುತ್ತದೆ. 54ರಿಂದ 204ರ ನಡುವೆ ಇದ್ದ ಟಿವಿ ಚಾನೆಲ್‌ಗಳನ್ನು ಬೇರೆಡೆಗೆ ಕಳಿಸಬೇಕು. ಹಳೆಯ ಸೆಟ್‌ಟಾಪ್ ಬಾಕ್ಸ್‌ಗಳಲ್ಲಿ ಇನ್ನೊಂದು ತೊಡಕು. ಅವು ತಮಗೆ ಬರುವ ಆದೇಶಗಳನ್ನು ಇದೇ ಜಾಗದ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಳ್ಳುತ್ತವೆ. ಆ ಜಾಗ ಅಪ್‌ಲೋಡ್‌ಗೆ ಹೋದರೆ ಬಾಕ್ಸ್ ಕಿವುಡಾಗುತ್ತದೆ. ಮನೆಮನೆಯಿಂದ ಬಾಕ್ಸ್ ಬದಲಿಸುವುದು ಬೀದಿಯ ಕೆಲಸಕ್ಕಿಂತ ಎಷ್ಟೋ ಸಲ ದೊಡ್ಡ ತಲೆನೋವು.

ಸುರಕ್ಷತೆಯ ಒಂದು ಮಾತೂ ಇಲ್ಲಿದೆ. ವಿಮಾನಗಳ ದಾರಿ ತೋರಿಸುವ ಮತ್ತು ಮಾತಿನ ರೇಡಿಯೋ 108ರಿಂದ 137 ಮೆಗಾಹರ್ಟ್ಜ್‌ನಲ್ಲಿ ಇರುತ್ತದೆ. ಕೇಬಲ್ ಎಲ್ಲಾದರೂ ಒಡೆದಿದ್ದರೆ ಒಳಗಿನ ಸಿಗ್ನಲ್ ಹೊರಗೆ ಸೋರಿ ಅದಕ್ಕೆ ತೊಂದರೆ ಕೊಡಬಹುದು. ಅದಕ್ಕೇ ಕಂಪನಿಗಳು ವಾಹನದಲ್ಲಿ ರಿಸೀವರ್ ಇಟ್ಟುಕೊಂಡು ಬೀದಿ ಬೀದಿ ಸುತ್ತಿ ಸೋರಿಕೆ ಹುಡುಕುತ್ತಿದ್ದವು. ಮೊದಲು ಆ ಜಾಗದಲ್ಲಿ ಹೆಡ್‌ಎಂಡ್‌ನಿಂದ ಸದಾ ಒಂದು ಸಿಗ್ನಲ್ ಬರುತ್ತಿತ್ತು, ಸೋರಿದರೆ ಸಿಕ್ಕಿಬೀಳುತ್ತಿತ್ತು. ಹೈ ಸ್ಪ್ಲಿಟ್ ಆದ ಮೇಲೆ ಅಲ್ಲಿ ಇರುವುದು ಮೋಡೆಮ್‌ಗಳು ಆಗೊಮ್ಮೆ ಈಗೊಮ್ಮೆ ಕಳಿಸುವ ತುಣುಕುಗಳು. ಹುಡುಕುವ ವಿಧಾನವನ್ನೇ ಬದಲಿಸಬೇಕಾಯಿತು. ಒಂದು ಗಡಿ ಸರಿಸಿದ್ದಕ್ಕೆ ಎಷ್ಟು ಕಡೆ ಎಳೆ ಜಗ್ಗುತ್ತದೆ ನೋಡಿ.

ಮೇಲಿನ ಚಾವಣಿ

ಕೆಳಗಿನ ಗಡಿ ಮೇಲೆ ಸರಿದರೆ ಡೌನ್‌ಲೋಡ್ ಜಾಗ ಕಡಿಮೆಯಾಗುತ್ತದೆ. ಅದನ್ನು ತುಂಬಿಕೊಳ್ಳಲು ಚಾವಣಿ ಎತ್ತಬೇಕು. ಹಳೆಯ ನೆಟ್‌ವರ್ಕ್‌ಗಳು 550, 750, 860 ಮೆಗಾಹರ್ಟ್ಜ್‌ಗೆ ನಿಂತಿದ್ದವು. ಆಮೇಲೆ 1,002. ಈಗ 1,218. ಮುಂದಿನ ಗುರಿ 1,794, ಅಂದರೆ ಹತ್ತಿರ ಹತ್ತಿರ 1.8 ಗಿಗಾಹರ್ಟ್ಜ್.

ತಂತಿ ಇದಕ್ಕೆ ಬೇಡ ಎನ್ನುವುದಿಲ್ಲ. ಆದರೆ ಸುಂಕ ಕೇಳುತ್ತದೆ. ಮನೆಗೆ ಬರುವ ಸಾಮಾನ್ಯ ಆರ್‌ಜಿ-6 ಕೇಬಲ್‌ನಲ್ಲಿ 100 ಮೀಟರ್ ಸಾಗಿದರೆ 50 ಮೆಗಾಹರ್ಟ್ಜ್‌ನ ಸಿಗ್ನಲ್ ಸುಮಾರು 5 ಡೆಸಿಬೆಲ್ ಕಳೆದುಕೊಳ್ಳುತ್ತದೆ, ಅಂದರೆ ಮೂರರಲ್ಲಿ ಒಂದು ಪಾಲು ಉಳಿಯುತ್ತದೆ. 1,000 ಮೆಗಾಹರ್ಟ್ಜ್‌ನ ಸಿಗ್ನಲ್ 20 ಡೆಸಿಬೆಲ್‌ಗೂ ಜಾಸ್ತಿ ಕಳೆದುಕೊಳ್ಳುತ್ತದೆ. ಅಂದರೆ ನೂರರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಬೀದಿಯ ದಪ್ಪ ಕೇಬಲ್‌ನಲ್ಲಿ ನಷ್ಟ ಇಷ್ಟಿಲ್ಲ, ಆದರೆ ಜಾಡು ಅದೇ: ಮೇಲೆ ಹೋದಷ್ಟೂ ಸೊರಗುವುದು ಜಾಸ್ತಿ.

ಆಂಪ್ಲಿಫೈಯರ್‌ಗಳನ್ನು ಹತ್ತಿರ ಹತ್ತಿರ ಇಟ್ಟರೆ ಸರಿಹೋಗುತ್ತದೆ. ಆದರೆ ಹಾಗೆ ಮಾಡಲು ಹೊಸ ಕಂಬ, ಹೊಸ ಅಗೆತ. ಅದಕ್ಕಾಗಿ ಎಲ್ಲರ ಪ್ರಯತ್ನವೂ ಹಳೆಯ ಜಾಗದಲ್ಲೇ, ಹಳೆಯ ಅಂತರದಲ್ಲೇ ಹೆಚ್ಚು ಬಲದ ಆಂಪ್ಲಿಫೈಯರ್ ಕೂರಿಸುವುದು. ಟ್ಯಾಪ್‌ಗಳೂ ಬದಲಾಗಬೇಕು. 1 ಗಿಗಾಹರ್ಟ್ಜ್‌ಗೆ ಎಂದು ಮಾಡಿದ ಟ್ಯಾಪ್ ಅದಕ್ಕಿಂತ ಮೇಲಿನದನ್ನು ಸರಿಯಾಗಿ ಬಿಡುವುದಿಲ್ಲ. ಒಂದು ಪಟ್ಟಣದಲ್ಲಿ ಎಷ್ಟು ಟ್ಯಾಪ್ ಇರಬಹುದು ಎಂದು ಸುಮ್ನೆ ಊಹಿಸಿ. ಪ್ರತಿಯೊಂದಕ್ಕೂ ಏಣಿ ಹಾಕಿ ಯಾರೋ ಹತ್ತಬೇಕು.

ಬೆಳಕಿನ ಕಡೆಯೂ ಒಂದು ಬದಲಾವಣೆ ಸದ್ದಿಲ್ಲದೆ ನಡೆದಿದೆ. ಮೊದಲು ಹೆಡ್‌ಎಂಡ್‌ನಿಂದ ನೋಡ್‌ವರೆಗೆ ಲೇಸರ್ ಬೆಳಕು ರೇಡಿಯೋ ತರಂಗದ ಏರಿಳಿತವನ್ನೇ ಅನುಸರಿಸಿ ಮಂಕು-ಪ್ರಖರ ಆಗುತ್ತಿತ್ತು. ದೂರ ಹೆಚ್ಚಾದಂತೆ ಸಿಗ್ನಲ್ ಸ್ವಲ್ಪ ಕೊಳೆಯಾಗುತ್ತಿತ್ತು. ಈಗ ಫೈಬರ್‌ನಲ್ಲಿ ಬರುವುದು ಸಾಮಾನ್ಯ ಡಿಜಿಟಲ್ ಡೇಟಾ. ರೇಡಿಯೋ ತರಂಗ ಹುಟ್ಟುವುದೇ ನೋಡ್‌ನಲ್ಲಿ, ನಿಮ್ಮ ಬೀದಿಯ ತುದಿಯಲ್ಲಿ. ಚುಕ್ಕಿಗಳ ಹಾಳೆ ಅಷ್ಟು ಶುದ್ಧ. 4,096 ಚುಕ್ಕಿ ಎಲ್ಲ ಕಡೆಯೂ ಓದಲು ಸಾಧ್ಯವಾಗುವುದು ಇದರಿಂದಲೇ ಜಾಸ್ತಿ.

4.0ರ ಎರಡು ದಾರಿ

2020ರಲ್ಲಿ ಹೊರಬಂದ ಡಾಕ್ಸಿಸ್ 4.0 ಕಾಗದದ ಮೇಲೆ 10 ಗಿಗಾಬಿಟ್ ಡೌನ್‌ಲೋಡ್, 6 ಗಿಗಾಬಿಟ್ ಅಪ್‌ಲೋಡ್ ಕೊಡುತ್ತದೆ. ಅಲ್ಲಿಗೆ ಹೋಗಲು ಎರಡು ದಾರಿ ಇಟ್ಟಿದೆ. ಒಂದು, ಈಗ ಹೇಳಿದ ಹಾಗೆ ಚಾವಣಿಯನ್ನು 1.8 ಗಿಗಾಹರ್ಟ್ಜ್‌ಗೆ ಎತ್ತಿ, ಅಪ್‌ಲೋಡ್ ಗಡಿಯನ್ನೂ ಮೇಲಕ್ಕೆ ಸರಿಸುವುದು. ಅಮೆರಿಕದ ಕೇಬಲ್ ಕಂಪನಿ ಚಾರ್ಟರ್ ಹಿಡಿದಿರುವುದು ಈ ದಾರಿ.

ಇನ್ನೊಂದು ದಾರಿ ನನಗೆ ಬಹಳ ಸೋಜಿಗದ್ದು. ಅಲ್ಲಿ 108ರಿಂದ 684 ಮೆಗಾಹರ್ಟ್ಜ್‌ನಲ್ಲಿ ಗಡಿಯನ್ನೇ ತೆಗೆದುಹಾಕುತ್ತಾರೆ. ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಮೇಲೂ ಹೋಗಬೇಕು, ಕೆಳಗೂ ಬರಬೇಕು. ನೀವು ಜೋರಾಗಿ ಕೂಗುತ್ತಿರುವಾಗಲೇ ದೂರದಲ್ಲಿ ಯಾರೋ ಪಿಸುಗುಟ್ಟುವುದನ್ನು ಕೇಳಿಸಿಕೊಳ್ಳಬೇಕಾದಂಥ ಕೆಲಸ. ಉಪಾಯ ಇದು: ನೀವು ಏನು ಕೂಗುತ್ತಿದ್ದೀರಿ ಎಂದು ನಿಮಗೆ ಗೊತ್ತು. ನಿಮ್ಮ ದನಿ ಗೋಡೆಗೆ ಬಡಿದು ಹೇಗೆ ವಾಪಸ್ ಬರುತ್ತದೆ ಎಂಬುದನ್ನೂ ಅಳೆಯಬಹುದು. ಕಿವಿಗೆ ಬಿದ್ದದ್ದರಿಂದ ಅದನ್ನು ಕಳೆದುಬಿಟ್ಟರೆ ಉಳಿಯುವುದು ಪಿಸುಮಾತು. ನೋಡ್ ಒಳಗಿನ ಚಿಪ್ ಈ ಕಳೆಯುವ ಲೆಕ್ಕವನ್ನು ಬಿಡದೆ ಮಾಡುತ್ತಿರುತ್ತದೆ. ಮೊದಮೊದಲು ನೋಡ್ ಆದ ಮೇಲೆ ಒಂದೂ ಆಂಪ್ಲಿಫೈಯರ್ ಇಲ್ಲದ ಕಡೆ ಮಾತ್ರ ಇದು ಸಾಧ್ಯ ಎನ್ನುವಂತಿತ್ತು. ಆಮೇಲೆ ಇದೇ ಲೆಕ್ಕ ಮಾಡುವ ಆಂಪ್ಲಿಫೈಯರ್‌ಗಳೂ ಬಂದವು. ಅಲ್ಲಿನದೇ ಇನ್ನೊಂದು ಕಂಪನಿ ಕಾಮ್‌ಕಾಸ್ಟ್ 2023ರಲ್ಲಿ ಈ ದಾರಿಯಲ್ಲಿ ಗ್ರಾಹಕರಿಗೆ ಸೇವೆ ಶುರು ಮಾಡಿತು.

ವೇಗದ ಅಂಕಿಗಳ ನಡುವೆ ಮರೆತುಹೋಗುವ ವಿಷಯ ಒಂದಿದೆ, ತಡ. ಕೇಬಲ್‌ನಲ್ಲಿ ಮೋಡೆಮ್ ತನಗೆ ಬೇಕಾದಾಗ ಮಾತಾಡುವಂತಿಲ್ಲ. "ನನಗೆ ಕಳಿಸಲು ಇದೆ" ಎಂದು ಮೊದಲು ಕೇಳಬೇಕು, "ನಿನ್ನ ಸರದಿ ಇಂಥ ಹೊತ್ತಿಗೆ" ಎಂದು ಅಪ್ಪಣೆ ಬರಬೇಕು, ಆಮೇಲೆ ಕಳಿಸಬೇಕು. ಇದರಲ್ಲೇ ಕೆಲವು ಮಿಲಿಸೆಕೆಂಡ್ ಹೋಗುತ್ತದೆ. ಅದಕ್ಕಿಂತ ಜಾಸ್ತಿ ಕಾಡುವುದು ಸಾಲು. ಮನೆಯಲ್ಲಿ ಒಬ್ಬರು ದೊಡ್ಡ ಫೈಲ್ ಅಪ್‌ಲೋಡ್ ಮಾಡುತ್ತಿದ್ದರೆ ಅದರ ಹಿಂದೆ ಇನ್ನೊಬ್ಬರ ಕಾಲ್‌ನ ಚಿಕ್ಕ ತುಣುಕುಗಳು ನಿಂತು ಕಾಯುತ್ತವೆ. 3.1ರಿಂದ ಮೋಡೆಮ್‌ಗಳು ಈ ಸಾಲು ಉದ್ದವಾಗದಂತೆ ನೋಡಿಕೊಳ್ಳುತ್ತವೆ. ಅವಸರದ ತುಣುಕುಗಳಿಗೆ ಬೇರೆ ಸಾಲು ಮಾಡುವ ಏರ್ಪಾಡೂ ಈಗ ಬಂದಿದೆ. 500 ಎಂಬಿಪಿಎಸ್ ಪ್ಲಾನ್‌ನಿಂದ ಗಿಗಾಬಿಟ್ ಪ್ಲಾನ್‌ಗೆ ಹೋದಾಗ ಕಾಣದ ಸುಖ ಎಷ್ಟೋ ಸಲ ಇದರಲ್ಲಿ ಕಾಣುತ್ತದೆ.

ಇಷ್ಟೆಲ್ಲ ಒದ್ದಾಟ ಯಾಕೆ, ಮನೆವರೆಗೂ ಫೈಬರ್ ಹಾಕಬಾರದಾ? ನ್ಯಾಯವಾದ ಪ್ರಶ್ನೆ. ಫೈಬರ್‌ನಲ್ಲಿ ಬೆಳಕು ಒಂದು ಕಿಲೋಮೀಟರ್ ಹೋದರೂ ಕಳೆದುಕೊಳ್ಳುವುದು ಒಂದು ಡೆಸಿಬೆಲ್‌ನ ಸಣ್ಣ ಪಾಲು. ನಡುವೆ ಕರೆಂಟ್ ಬೇಡುವ ಪೆಟ್ಟಿಗೆ ಇಲ್ಲ, ನುಗ್ಗುವ ಗದ್ದಲ ಇಲ್ಲ. ಹೊಸದಾಗಿ ಕಟ್ಟುವ ಬಡಾವಣೆಗೆ ಕೋಆಕ್ಸಿಯಲ್ ಎಳೆಯುವುದರಲ್ಲಿ ಅರ್ಥವೇ ಇಲ್ಲ. ಆದರೆ ಈಗಾಗಲೇ ಕೋಆಕ್ಸಿಯಲ್ ಇರುವ ಕಡೆ ಲೆಕ್ಕ ಬೇರೆ. ಫೈಬರ್ ಅಗ್ಗ, ಅದನ್ನು ಹೂಳಲು ಅಗೆಯುವುದು ದುಬಾರಿ. ಪ್ರತಿ ಮನೆಯ ಗೋಡೆವರೆಗೆ ಅಗೆಯುವ ಬದಲು ಬೀದಿಯ ಪೆಟ್ಟಿಗೆಗಳನ್ನು ಬದಲಿಸಿದರೆ ಬೇಗ ಮುಗಿಯುತ್ತದೆ. ಫೈಬರ್ ಹಂಚಿಕೆಯಾಗುವುದಿಲ್ಲ ಎಂಬುದೂ ಸರಿಯಲ್ಲ. ವ್ಯಾಪಕವಾಗಿ ಬಳಕೆಯಲ್ಲಿರುವ ಜಿಪಾನ್ ಎಂಬ ಫೈಬರ್ ವ್ಯವಸ್ಥೆಯಲ್ಲಿ 2.5 ಗಿಗಾಬಿಟ್ ಡೌನ್‌ಲೋಡನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಮತ್ತೆ, ನೋಡ್ ಒಡೆದಾಗಲೆಲ್ಲ ಫೈಬರ್ ಮನೆಗೆ ಒಂದಷ್ಟು ಹತ್ತಿರ ಬಂದೇ ಬರುತ್ತದೆ. ಮುಂದೊಂದು ದಿನ ಆ ಉಳಿದ ನೂರು ಮೀಟರನ್ನೂ ಬದಲಿಸಬೇಕು ಎಂದರೆ ಇವತ್ತು ಹಾಕಿದ್ದು ದಂಡವಾಗುವುದಿಲ್ಲ.

ನಿಮ್ಮ ಮನೆಯ ಕೊನೆಯ ಹತ್ತು ಮೀಟರ್

ಬೀದಿಯಲ್ಲಿ ಮಾಡಿದ್ದೆಲ್ಲ ಮನೆಯೊಳಗೆ ಹಾಳಾಗಬಹುದು. ಒಂದನ್ನು ಎರಡು ಮಾಡುವ ಸಣ್ಣ ಸ್ಪ್ಲಿಟರ್ ಇದೆಯಲ್ಲ, ಅದೊಂದೇ ಸಿಗ್ನಲ್ಲಿನ ಅರ್ಧಕ್ಕಿಂತ ಜಾಸ್ತಿ ಪಾಲನ್ನು ತೆಗೆದುಕೊಳ್ಳುತ್ತದೆ. ಬೇಡದ ಸ್ಪ್ಲಿಟರ್ ಇದ್ದರೆ ತೆಗೆದುಬಿಡಿ. ಬಳಸದ ಕೇಬಲ್ ತುದಿ ಎಲ್ಲಾದರೂ ಬಾಯಿ ತೆರೆದುಕೊಂಡಿದ್ದರೆ ಸ್ಪ್ಲಿಟರ್ ಕಡೆಯಿಂದಲೇ ಅದನ್ನು ಬಿಚ್ಚಿ, ಆ ಖಾಲಿ ಬಾಯಿಗೆ 75 ಓಮ್‌ನ ಟರ್ಮಿನೇಟರ್ ಎಂಬ ಪುಟ್ಟ ಮುಚ್ಚಳ ಹಾಕಿ. ಕನೆಕ್ಟರ್ ಒಳಗೆ ಹಸಿರು ಕಿಲುಬು ಕಂಡರೆ ಅದನ್ನು ಬದಲಿಸಲು ಹೇಳಿ.

ಸಿಗ್ನಲ್ ಹೇಗಿದೆ ಎಂದು ನೀವೇ ನೋಡಬಹುದು. ಹೆಚ್ಚಿನ ಕೇಬಲ್ ಮೋಡೆಮ್‌ಗಳಲ್ಲಿ ಬ್ರೌಸರ್ ತೆರೆದು 192.168.100.1 ಎಂದು ಹೊಡೆದರೆ ಒಂದು ಪುಟ ಬರುತ್ತದೆ. ಕೆಳಗೆ ಬರುವ ಪಟ್ಟಿಗಳ ಬಲ ಮೈನಸ್ 7ರಿಂದ ಪ್ಲಸ್ 7ರ ನಡುವೆ ಇದ್ದರೆ ಚೆನ್ನ. ಅಪ್‌ಲೋಡ್ ಬಲ 50 ಹತ್ತಿರ ಹೋಗಿದೆ ಎಂದರೆ ಮೋಡೆಮ್ ಗಂಟಲು ಹರಿದು ಕೂಗುತ್ತಿದೆ, ದಾರಿಯಲ್ಲಿ ಏನೋ ಅಡ್ಡ ಇದೆ ಎಂದರ್ಥ. ಅಡ್ಡ ಎಲ್ಲಿದೆ ಎಂಬುದನ್ನೂ ಕಂಪನಿಯವರು ಕೂತಲ್ಲೇ ಲೆಕ್ಕ ಹಾಕಬಲ್ಲರು. ಹಾಳಾದ ಜಾಗಕ್ಕೆ ಬಡಿದು ಸಿಗ್ನಲ್ಲಿನ ಒಂದು ಪಾಲು ಪ್ರತಿಧ್ವನಿಯಂತೆ ತಡವಾಗಿ ಬರುತ್ತದೆ. ಕೇಬಲ್‌ನಲ್ಲಿ ಸಿಗ್ನಲ್ ಬೆಳಕಿನ ವೇಗದ ಸುಮಾರು 85 ಶೇಕಡಾ ವೇಗದಲ್ಲಿ ಓಡುತ್ತದೆ. ಹೋಗಿ ಬರುವ ಲೆಕ್ಕದಲ್ಲಿ ಒಂದು ಮೈಕ್ರೋಸೆಕೆಂಡ್ ತಡ ಎಂದರೆ ಸುಮಾರು 127 ಮೀಟರ್. ದೂರು ಕೊಡುವಾಗ ಈ ಪುಟದ ಫೋಟೋ ತೆಗೆದು ಕಳಿಸಿ. "ನೆಟ್ ಸ್ಲೋ ಇದೆ" ಎಂಬ ಮಾತಿಗಿಂತ ಅದು ಬೇಗ ಕೆಲಸ ಮಾಡುತ್ತದೆ.

ಅದೇ ಪುಟದ ಕೊನೆಯಲ್ಲಿ, ತಿದ್ದಲಾಗದ ತಪ್ಪುಗಳು (ಅನ್‌ಕರೆಕ್ಟಬಲ್) ಎಷ್ಟು ಎಂಬ ಒಂದು ಸಾಲು ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಕನೆಕ್ಟರ್‌ಗಳನ್ನೆಲ್ಲ ಬೆರಳಲ್ಲಿ ಬಿಗಿ ಮಾಡಿ, ಸ್ಪ್ಯಾನರ್‌ನಿಂದ ಇನ್ನೊಂದು ಚೂರು ತಿರುಗಿಸಿ. ಕೇಬಲ್ ಬಿಚ್ಚಿ ಹಾಕಿದ್ದರೆ ಅಂಕಿ ಒಂದಿಷ್ಟು ಏರಿರುತ್ತದೆ, ಅದನ್ನು ಹೊಸದಾಗಿ ಬರೆದುಕೊಳ್ಳಿ. ಒಂದು ಸಂಜೆ ಕಳೆದ ಮೇಲೆ ಅದೇ ಪುಟ ತೆರೆದು, ಆ ಅಂಕಿ ಅಲ್ಲೇ ನಿಂತಿದೆಯಾ ನೋಡಿ.